ಲಿಥೀನಿಯಲ್ಲಿ ಲಂಗರು

ನಾಕ್ಸೋಸ್ ದ್ವೀಪದಲ್ಲಿ ಹಾಯಿದೋಣಿಗಳನ್ನು ಬಾಡಿಗೆಗೆ ಕೊಡುವ ಯಜಮಾನ ನಕ್ಷೆಯ ಮೇಲೆ ಬೆರಳಿಟ್ಟ. "ಲಿಥೀನಿ ಬೇಡ. ಹೋದ ವರ್ಷ ಅಲ್ಲಿ ಮೂರು ದೋಣಿ ಜಾರಿ ಬಂಡೆಗೆ ಬಡಿದವು. ಆ ಕೊಲ್ಲೀಲಿ ಲಂಗರು ನಿಲ್ಲಲ್ಲ."

"ನಿಲ್ಲತ್ತೆ," ಅಂದಳು ಝಂಬೇತ. ಹನ್ನೆರಡು ಮನೆಗಳ ಆ ದ್ವೀಪದಲ್ಲಿ ಅವಳದೊಂದೇ ಊಟದ ಮನೆ. ಪ್ರವಾಸಿ ದೋಣಿಗಳು ಬರದಿದ್ದರೆ ಒಲೆ ಆರಿಸಿ, ಪಿರೇಯಸ್ ಪಟ್ಟಣದಲ್ಲಿರುವ ತಂಗಿಯ ಮನೆ ಸೇರಬೇಕು.

"ಹಾಗಾದ್ರೆ ಮೆಲ್ತೆಮಿ ಗಾಳಿ ಬೀಸುವಾಗ ಮಧ್ಯಾಹ್ನದಿಂದ ಸೂರ್ಯ ಮುಳುಗೋವರೆಗೆ ಅಲ್ಲಿ ನಿಂತು ತೋರಿಸಿ. ಶನಿವಾರ ನಮ್ಮ ದೋಣಿಗಳು ಹೋಗೋ ಬಂದರುಗಳ ಪಟ್ಟಿ ಅಚ್ಚಿಗೆ ಹೋಗತ್ತೆ."

ಗುರುವಾರ ಬೆಳಿಗ್ಗೆ ಮೂವರು ನಾಕ್ಸೋಸ್ ಬಿಟ್ಟರು. ಚುಕ್ಕಾಣಿಗೆ ಯಜಮಾನನ ಕೈಕೆಳಗಿನ ಆರ್ಗಿರೊ, ಬಂದರುಗಳ ಪಟ್ಟಿ ಬರೆಯುವವಳೂ ಅವಳೇ. ಹಾಯಿಗೆ ಅವಳ ಸೋದರಮಾವ, ಮುದುಕ ಥ್ರಾಸೋಸ್. ಮುಂದೆ ಹಗ್ಗದ ಸುರುಳಿಯ ಮೇಲೆ ಝಂಬೇತ.

ಬೇಸಿಗೆಯ ಉತ್ತರದ ಗಾಳಿ ಮೆಲ್ತೆಮಿ ಬೆನ್ನಿಗಿತ್ತು. ಆಕಾಶದಲ್ಲಿ ಒಂದು ಮೋಡವಿಲ್ಲ. ಸಮುದ್ರ ಕಡುನೀಲಿ, ಅದರ ಮೈತುಂಬ ಬಿಳಿ ನೊರೆ. ದೂರದ ದ್ವೀಪಗಳು ಒಣಗಿದ ರೊಟ್ಟಿಯ ತುಂಡುಗಳಂತೆ ಕಂದು ಬಣ್ಣದಲ್ಲಿ ಬಿದ್ದಿದ್ದವು. ಮಧ್ಯಾಹ್ನಕ್ಕೆ ಮುಂಚೆ ಲಿಥೀನಿಯ ಬೆಟ್ಟ ಎದ್ದಿತು. ಅದರ ಬುಡದಲ್ಲಿ ಸುಣ್ಣ ಬಳಿದ ಪುಟ್ಟ ಚರ್ಚು, ದೋಣಿ ಕಟ್ಟುವ ಧಕ್ಕೆ, ಝಂಬೇತಳ ನೀಲಿ ಬಾಗಿಲು.

ಕೊಲ್ಲಿಯೊಳಗೆ ಬರುತ್ತಲೇ ಬೆಟ್ಟದಿಂದ ಗಾಳಿ ಧುಮುಕಿತು.

ಧಕ್ಕೆಯ ಮುಂದೆ ಲಂಗರು ಬಿಟ್ಟರು. ಸರಪಳಿ ಬಿಗಿಯಿತು, ನಡುಗಿತು, ಸಡಿಲಾಯಿತು.

"ಜಾರ್ತಿದೆ!" ಥ್ರಾಸೋಸ್ ಕೂಗಿದ.

ಎಳೆದರು. ಲಂಗರಿನ ತುಂಬ ಹಸಿರು ಕಡಲಹುಲ್ಲು. ಮತ್ತೆ ಬಿಟ್ಟರು. ಮತ್ತೆ ಜಾರಿತು. ಕೊಲ್ಲಿಯ ಬಾಯಲ್ಲಿದ್ದ ಕಪ್ಪು ಬಂಡೆ ಹಿಂದಿನಿಂದ ಹತ್ತಿರವಾಯಿತು.

"ಅಕ್ಕಾ, ನಿಮ್ಮೂರ ಮೀನುಗಾರರು ಎಲ್ಲಿ ಲಂಗರು ಹಾಕ್ತಾರೆ?" ಆರ್ಗಿರೊ ಕಿರುಚಿದಳು.

"ಅವರಾ? ಅಗೋ, ಆ ಪಡುವಣ ದಡದ ಬಂಡೆ ಕೆಳಗೆ. ಅಲ್ಲಿ ಹುಲ್ಲಿಲ್ಲ, ಮರಳಿದೆ, ಲಂಗರು ಕಚ್ಚತ್ತೆ. ಬಂಡೇಲಿ ತೂತಿದೆ, ಅದಕ್ಕೆ ಹಗ್ಗ ಕಟ್ತಾರೆ."

"ಮತ್ತೆ ಪ್ರವಾಸಿಗಳಿಗೆ ಯಾಕೆ ಹೇಳ್ಲಿಲ್ಲ?"

"ಮನೆಗೆ ಬಂದವರನ್ನ ಅಷ್ಟು ದೂರ ನಿಲ್ಲಿಸ್ತಾರೇನೇ? ನಾನೇ ಧಕ್ಕೆ ಮೇಲೆ ನಿಂತು, ಬನ್ನಿ ಬನ್ನಿ, ಇನ್ನೂ ಹತ್ತಿರ ಬನ್ನಿ ಅಂತ..." ಅವಳು ಧಕ್ಕೆಯತ್ತ ತಿರುಗಿದಳು. "ಅಯ್ಯೋ ದೇವಮಾತೆ! ಮೂರೂ ದೋಣೀನ ನಾನೇ ಹುಲ್ಲಿಗೆ ಕರೆದಿದ್ದು."

"ಕರೆದಿದ್ದು ಸಾಕು, ಈಗ ದಾರಿ ತೋರ್ಸು," ಅಂದ ಥ್ರಾಸೋಸ್.

"ಚರ್ಚಿನ ಬಾಗಿಲೂ ಅಂಜೂರದ ಮರವೂ ಒಂದೇ ಗೆರೇಗೆ ಬರ್ಲಿ. ಇನ್ನೂ ಎಡಕ್ಕೆ. ಇನ್ನೂ. ಬಿಡು!"

ನೀರಿನ ಬಣ್ಣ ತಟ್ಟನೆ ತಿಳಿಯಾಯಿತು. ಲಂಗರು ಬಿತ್ತು. ಸರಪಳಿ ಬಿಗಿಯಿತು. ಈ ಸಲ ನಡುಗಲಿಲ್ಲ. ಆದರೆ ಅಡ್ಡಗಾಳಿ ದೋಣಿಯನ್ನು ಗಿರ್ರೆಂದು ತಿರುಗಿಸಿತು.

ಝಂಬೇತ ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿದಳು.

"ಐವತ್ತೈದಾಯ್ತು ನಿಂಗೆ!" ಥ್ರಾಸೋಸ್ ಗದರಿದ.

"ನಿಂಗೆ ಎಪ್ಪತ್ತಾಯ್ತು, ಸುಮ್ನೆ ಹಗ್ಗ ಬಿಡು!"

ಹಾರಿದಳು. ಅಲೆ ಅವಳನ್ನು ನುಂಗಿತು, ಉಗುಳಿತು, ಬಂಡೆಗೆ ಉಜ್ಜಿತು. ಮೊಣಕೈ ಸುಲಿಯಿತು. ಎರಡನೆಯ ಸಲ ಬೆರಳು ತೂತಿಗೆ ಸಿಕ್ಕಿತು. ಹಗ್ಗ ತೂರಿಸಿ, ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಗಂಟು ಹಾಕಿದಳು.

ದೋಣಿ ನಿಂತಿತು.

ಇಡೀ ಮಧ್ಯಾಹ್ನ ಗಾಳಿ ಬೊಬ್ಬೆ ಹೊಡೆಯಿತು. ದೋಣಿ ಸರಿದ ದಾರಿಯನ್ನು ಗೆರೆ ಎಳೆದು ತೋರಿಸುವ ಯಂತ್ರವನ್ನು ಆರ್ಗಿರೊ ಗಂಟೆಗೊಮ್ಮೆ ನೋಡಿದಳು. ಸೂರ್ಯ ಮುಳುಗುವವರೆಗೂ ಅದರಲ್ಲಿ ಕಂಡದ್ದು ಗೆರೆಯಲ್ಲ, ಒಂದೇ ಚುಕ್ಕೆ.

ಮರುದಿನ ಎದುರು ಗಾಳಿಗೆ ಅಡ್ಡಡ್ಡ ಹಾಯುತ್ತ, ನೆನೆದು, ಹನ್ನೊಂದು ಗಂಟೆ ಹೋರಾಡಿ ನಾಕ್ಸೋಸ್ ಸೇರಿದರು. ಮೂವರ ಹುಬ್ಬಿನ ಮೇಲೂ ಉಪ್ಪು ಬೆಳ್ಳಗೆ ಕಟ್ಟಿತ್ತು. ಯಜಮಾನ ಆ ಚುಕ್ಕೆಯನ್ನು ಬಹಳ ಹೊತ್ತು ನೋಡಿದ. ಪಟ್ಟಿಯಲ್ಲಿ ಎರಡು ಬಂದರುಗಳ ನಡುವೆ ಲಿಥೀನಿಯ ಹೆಸರು ಸೇರಿಸಿದ.

ಶನಿವಾರ ಝಂಬೇತ ಮನೆಗೆ ಹೊರಟಳು. ದೋಣಿಯ ಮೇಲೆ, ಊಟದ ಮನೆಗೆಂದು ಕೊಂಡು ಹಾಯಿಕಂಬಕ್ಕೆ ಬಿಗಿದು ಕಟ್ಟಿದ್ದ, ಹುಲ್ಲು ಹೆಣೆದ ಹತ್ತು ಹೊಸ ಕುರ್ಚಿಗಳಿದ್ದವು.