ಕುಲ್ಸುಂ ಕೇಳಿಕೊಂಡಿದ್ದು

ಬೆಳಗಿನ ಒಂಬತ್ತೂವರೆಗೆ ಕುಲ್ಸುಂ ಸ್ನಾನ ಮುಗಿಸಿ ಅಡುಗೆಮನೆಗೆ ಬಂದಾಗ ಅಲ್ಲಿ ಒಬ್ಬ ಗಂಡಸು ನೆಲದ ಮೇಲೆ ಕೂತಿದ್ದ.

ಅವನ ಸುತ್ತ ಅವಳ ಇಪ್ಪತ್ತೆರಡು ಡಬ್ಬಿಗಳೂ ಬಾಯಿ ತೆರೆದುಕೊಂಡು ನಿಂತಿದ್ದವು. ಅವನು ಒಂದೊಂದಕ್ಕೂ ಕಾಗದದ ಚೂರು ಅಂಟಿಸಿ, ಕೆಂಪು ಪೆನ್ನಿನಲ್ಲಿ ಹೆಸರು ಬರೆಯುತ್ತಿದ್ದ. ಜೀರಿಗೆ ಡಬ್ಬಿಯ ಮೇಲೆ ಆಗಲೇ 'ಸೋಂಪು' ಎಂದು ಬರೆದಾಗಿತ್ತು.

"ಏನ್ರೀ ಇದು?"

"ನಿಂಗೆ ಸುಲಭ ಆಗ್ಲಿ ಅಂತ" ಎಂದ ಹುಸೇನ್, ತಲೆ ಎತ್ತದೆ.

ಕುಲ್ಸುಂ ಬಾಗಿಲಲ್ಲೇ ನಿಂತು ಅವನನ್ನು ನೋಡಿದಳು. ಮದುವೆಯಾಗಿ ಮೂವತ್ತನಾಲ್ಕು ವರ್ಷ. ಆದರೂ ವಾರದ ನಡುವಿನ ಒಂದು ಬೆಳಗ್ಗೆ, ಈ ಹೊತ್ತಿನ ಬೆಳಕಿನಲ್ಲಿ, ಗಂಡನನ್ನು ಇಷ್ಟು ಹತ್ತಿರದಿಂದ ನೋಡಿದ ನೆನಪೇ ಅವಳಿಗಿರಲಿಲ್ಲ. ಇವನ ಕಿವಿಯ ಮೇಲೆ ಇಷ್ಟೊಂದು ಬಿಳಿ ಕೂದಲು ಯಾವಾಗ ಬಂತು? ಇವನು ಸಂಜೆಯವರೆಗೂ ಇಲ್ಲೇ ಇರುತ್ತಾನಾ...?

ಇರುತ್ತಿದ್ದ. ಹಿಂದಿನ ದಿನವಷ್ಟೇ ಅವನು ನಿವೃತ್ತನಾಗಿದ್ದ.

ಹುಸೇನ್ ಬಸ್ ಡ್ರೈವರ್. ಶಿವಮೊಗ್ಗದಿಂದ ಕುಂದಾಪುರ, ಹುಲಿಕಲ್ ಘಾಟಿ ಇಳಿದು ಹೋಗುವ ದಾರಿ. ಇವತ್ತು ಹೋದರೆ ಅಲ್ಲೇ ಮಲಗಿ, ನಾಳೆ ಸಂಜೆ ಭದ್ರಾವತಿಯ ಜನ್ನಾಪುರದ ಮನೆಗೆ ಬರುತ್ತಿದ್ದ. ಬಂದವನು ಉಂಡು ಮಲಗಿಬಿಡುತ್ತಿದ್ದ. ಕುಲ್ಸುಂ ಉರ್ದು ಶಾಲೆಯಲ್ಲಿ ಕನ್ನಡ ಟೀಚರ್ ಆಗಿದ್ದಳು. ಮಂಡಿನೋವು ಹೆಚ್ಚಾದ ಮೇಲೆ ಎರಡು ವರ್ಷದ ಹಿಂದೆಯೇ ಸ್ವಯಂನಿವೃತ್ತಿ ತೆಗೆದುಕೊಂಡಿದ್ದಳು.

ಆ ಎರಡು ವರ್ಷ ಅವಳ ಜೀವನದ ಸುಖದ ಕಾಲ. ನಸುಕಿನ ಫಜರ್ ನಮಾಜಾದ ಮೇಲೆ ಒಬ್ಬಳೇ ಪೇಪರ್ ಓದುವುದು. ಹತ್ತು ಗಂಟೆಗೆ ಪಕ್ಕದ ಮನೆ ಕಾಶಮ್ಮನ ಜೊತೆ ಮೆಟ್ಟಿಲ ಮೇಲೆ ಚಹಾ. ಮಧ್ಯಾಹ್ನ ರೇಡಿಯೋದಲ್ಲಿ ಹಳೆಯ ಹಾಡು, ಅದನ್ನು ಕೇಳುತ್ತಾ ಕೇಳುತ್ತಾ ನಿದ್ದೆ. ಯಾರೂ ಏನೂ ಕೇಳುತ್ತಿರಲಿಲ್ಲ.

ಈಗ ಹುಸೇನ್ ಎಲ್ಲವನ್ನೂ ಕೇಳುತ್ತಿದ್ದ.

ಅನ್ನ ಎಷ್ಟು ಗಂಟೆಗೆ? ಅದಾದ ಮೇಲೆ ಏನು? ಗ್ಯಾಸ್ ಉರಿ ಇಷ್ಟು ದೊಡ್ಡದು ಯಾಕೆ? ಹತ್ತಕ್ಕೆ ಅಂದ ಚಹಾ ಹತ್ತೂಹತ್ತಕ್ಕೆ ಬಂದರೆ ಗೋಡೆ ಗಡಿಯಾರ ನೋಡಿ ನಿಟ್ಟುಸಿರು ಬಿಡುತ್ತಿದ್ದ. ಮೆಟ್ಟಿಲ ಮೇಲೆ ಅವಳ ಮತ್ತು ಕಾಶಮ್ಮನ ಮಧ್ಯೆ ಬಂದು ಕೂತು, ಘಾಟಿಯಲ್ಲಿ ಬ್ರೇಕ್ ಹಿಡಿಯುವ ಕ್ರಮವನ್ನು ಕಾಶಮ್ಮನಿಗೆ ವಿವರಿಸುತ್ತಿದ್ದ. ಮೂರನೆಯ ದಿನದಿಂದ ಕಾಶಮ್ಮ ಬರುವುದನ್ನೇ ಬಿಟ್ಟಳು.

ಎಲ್ಲಕ್ಕಿಂತ ಹೆಚ್ಚು ಕೆಣಕಿದ್ದು ನಮಾಜಿನ ವಿಷಯ. ಸರ್ವೀಸಿನಲ್ಲಿದ್ದಾಗ ಅವನಿಗೆ ಶುಕ್ರವಾರದ ನಮಾಜು ಸಿಕ್ಕಿದರೆ ಅದೇ ದೊಡ್ಡದು. ಈಗ ಐದು ಹೊತ್ತೂ ಮಸೀದಿಗೆ ಹೋಗಲು ನಿರ್ಧರಿಸಿದ್ದ. ಅದು ಸಂತೋಷದ ಮಾತೇ. ಆದರೆ ಹೊರಡುವಾಗಲೂ ಬರುವಾಗಲೂ ಅವಳನ್ನು ವಿಚಾರಿಸುತ್ತಿದ್ದ.

"ನಿಂದು ಆಯ್ತಾ ನಮಾಜು?"

ಏಳನೇ ವಯಸ್ಸಿನಿಂದ ಒಂದು ಹೊತ್ತೂ ಬಿಡದವಳು ಅವಳು. ಕುಲ್ಸುಂ ಹಲ್ಲು ಕಚ್ಚಿಕೊಂಡು ಆಯಿತು ಎನ್ನುತ್ತಿದ್ದಳು.

ಇಪ್ಪತ್ತನೆಯ ದಿನ ಅವಳ ಸಹನೆ ಮುಗಿಯಿತು. ಮಧ್ಯಾಹ್ನ ಹುಸೇನ್ ಮಸೀದಿಗೆ ಹೋದ ಮೇಲೆ ಚಾಪೆ ಹಾಸಿ ನಮಾಜು ಮಾಡಿದಳು. ಆಮೇಲೆ ಕೈಯೆತ್ತಿ ದುವಾ ಕೇಳಲು ಕೂತಳು. ಮನೆಮಾತು ದಖನಿಯಾದರೂ, ಸಿಟ್ಟು ಬಂದಾಗ ಅವಳ ಬಾಯಿಗೆ ಬರುತ್ತಿದ್ದುದು ಪಾಠ ಮಾಡಿದ ಕನ್ನಡವೇ. ನಮಾಜು ಅರಬ್ಬಿಯಲ್ಲಿ, ದೂರು ಕನ್ನಡದಲ್ಲಿ!

"ಯಾ ಅಲ್ಲಾಹ್, ಸಾಕಾಗೋಯ್ತು ನಂಗೆ. ಈ ಮನುಷ್ಯನ್ನ ಮತ್ತೆ ಡ್ಯೂಟಿಗೆ ಕಳಿಸಿಬಿಡು..."

ಹಾಗೆ ಶುರು ಮಾಡಿದವಳು, ಮನಸ್ಸಿನಲ್ಲಿದ್ದುದನ್ನೆಲ್ಲ ಗಟ್ಟಿಯಾಗಿ ಹೇಳಿಕೊಂಡು, ಕಣ್ಣೊರೆಸಿಕೊಂಡು ಎದ್ದಳು.

ಎರಡು ದಿನ ಬಿಟ್ಟು ಹುಸೇನ್ ಬೆಳಿಗ್ಗೆ ಎಂಟಕ್ಕೆ ಸ್ಕೂಟರ್ ಹತ್ತಿದ. ಶಿವಮೊಗ್ಗದಲ್ಲಿ ಮಸೀದಿ ಕಮಿಟಿಯ ಕೆಲಸವಿದೆ, ಬರುವುದು ಸಂಜೆಯಾಗುತ್ತದೆ ಎಂದ. ಮರುದಿನವೂ ಹೋದ. ಅದರ ಮರುದಿನವೂ.

ಕುಲ್ಸುಂಗೆ ಮೊದಲು ಹಬ್ಬ ಬಂದಂತಾಯಿತು. ಕಾಶಮ್ಮ ಮೆಟ್ಟಿಲಿಗೆ ವಾಪಸ್ ಬಂದಳು. ಆದರೆ ಸಂಜೆ ಬರುತ್ತಿದ್ದ ಹುಸೇನ್ ಬೇರೆಯದೇ ಮನುಷ್ಯನಾಗಿದ್ದ. ಅಡುಗೆಮನೆಯ ಹೊಸಿಲು ದಾಟುತ್ತಿರಲಿಲ್ಲ. ಗಡಿಯಾರ ನೋಡುತ್ತಿರಲಿಲ್ಲ. ಕೊಟ್ಟದ್ದನ್ನು ಉಂಡು, ತಟ್ಟೆ ತೊಳೆದಿಟ್ಟು, ಹೊರಗಿನ ಕೋಣೆಯಲ್ಲಿ ಮಲಗುತ್ತಿದ್ದ. ಸಾರಿಗೆ ಉಪ್ಪು ಕಡಿಮೆಯಾದರೂ ಹೇಳುತ್ತಿರಲಿಲ್ಲ.

'ಏನಾಗಿದೆ ಈ ಮನುಷ್ಯಂಗೆ? ಮಾತಾಡಿದ್ರೂ ಕಷ್ಟ, ಮಾತಾಡದಿದ್ರೂ ಕಷ್ಟ...'

ದಿನಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗುತ್ತಾನೆ, ಹೊಸ ತಂಪು ಕನ್ನಡಕ ಬೇರೆ ತಗೊಂಡಿದ್ದಾನೆ ಎಂದು ಅವಳು ಕಾಶಮ್ಮನ ಮುಂದೆ ದೂರಿದಳು. ಕಾಶಮ್ಮ ಚಹಾ ಕೆಳಗಿಟ್ಟಳು.

"ಕಮಿಟಿಗೆ ಯಾರು ಮಾರಾಯ್ತಿ ಕೂಲಿಂಗ್ ಗ್ಲಾಸ್ ಹಾಕ್ಕೊಂಡು ಹೋಗ್ತಾರೆ?"

ಆ ಮಾತು ಮುಳ್ಳಿನಂತೆ ಒಳಗೆ ಕೂತಿತು. ಕುಲ್ಸುಂ ಪರಿಚಯದವರೊಬ್ಬರಿಗೆ ಫೋನ್ ಮಾಡಿ, ಸುಮ್ಮನೆ ಕೇಳಿದಂತೆ ಕಮಿಟಿಯ ಬಗ್ಗೆ ವಿಚಾರಿಸಿದಳು. ಅಂಥ ಕೆಲಸ ಯಾವುದೂ ನಡೆಯುತ್ತಿಲ್ಲ, ಹುಸೇನ್ ಸಾಹೇಬರನ್ನು ಆ ಕಡೆ ನೋಡಿಯೂ ಇಲ್ಲ ಎಂದರು ಅವರು.

ಅರವತ್ತು ವರ್ಷದ ಗಂಡ ಸುಳ್ಳು ಹೇಳಿ ಎಲ್ಲಿಗೆ ಹೋಗುತ್ತಾನೆ? ಅವಳು ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡಬಹುದೆಂಬ ಹೆದರಿಕೆ. ಅದರ ಬದಲು ಎರಡು ಸೀರೆ ಚೀಲಕ್ಕೆ ತುಂಬಿಕೊಂಡು, ಶಿವಮೊಗ್ಗದ ವಿದ್ಯಾನಗರದಲ್ಲಿದ್ದ ಮಗಳು ಮುಸರ್ರತ್‌ಳ ಮನೆಗೆ ಹೊರಟುಹೋದಳು.

ಒಂದು ದಿನವಾಯಿತು. ಎರಡು ದಿನವಾಯಿತು. ಮೂರನೆಯ ಸಂಜೆ ಹುಸೇನ್ ಫೋನ್ ಮಾಡಿದ. ಕುಲ್ಸುಂ ಫೋನ್ ಕಿವಿಗಿಟ್ಟುಕೊಂಡು ಒಂದೇ ಮಾತಿಗೆ ಕಾದಳು. 'ಬಾ' ಎಂದರೆ ಸಾಕಿತ್ತು... ಸಿಟ್ಟು ಮಾಡಿಕೊಂಡೇ ಎದ್ದು ಹೋಗುತ್ತಿದ್ದಳು.

"ಆರಾಮಾಗಿದೀಯಲ್ಲ? ಇನ್ನೂ ನಾಲ್ಕು ದಿನ ಇದ್ದು ಬಾ. ಅರ್ಜೆಂಟೇನಿಲ್ಲ" ಎಂದು ಅವನು ಫೋನ್ ಇಟ್ಟ.

ಆ ಸಂಜೆ ಕುಲ್ಸುಂ ಊಟ ಮಾಡಲಿಲ್ಲ. ಮಗಳು ಏನೆಂದು ಕೇಳಿದ್ದಕ್ಕೆ, ನಿಮ್ಮಪ್ಪನಿಗೆ ನಾನು ಬೇಡವಾಗಿದ್ದೇನೆ ಎಂದಷ್ಟೇ ಹೇಳಿ ಮುಖ ತಿರುಗಿಸಿದಳು.

ಭಾನುವಾರ ಆರು ವರ್ಷದ ಮೊಮ್ಮಗಳು ಮಾಹಿರಾ ಹುಲಿ ನೋಡಬೇಕೆಂದು ಹಟ ಹಿಡಿದಳು. ತಾಯಿಯ ಮನಸ್ಸೂ ಸ್ವಲ್ಪ ಹಗುರವಾಗಲಿ ಎಂದುಕೊಂಡು ಮುಸರ್ರತ್ ಇಬ್ಬರನ್ನೂ ತ್ಯಾವರೆಕೊಪ್ಪದ ಹುಲಿ-ಸಿಂಹ ಸಫಾರಿಗೆ ಕರೆದುಕೊಂಡು ಹೋದಳು. ಸರತಿಯಲ್ಲಿ ನಿಂತು, ಜಾಲರಿ ಹಾಕಿದ ಸಫಾರಿ ಗಾಡಿ ಹತ್ತಿದರು. ಕುಲ್ಸುಂಗೆ ಹುಲಿಯೂ ಬೇಕಿರಲಿಲ್ಲ, ಸಿಂಹವೂ ಬೇಕಿರಲಿಲ್ಲ. ಕಿಟಕಿಗೆ ಒರಗಿ ಕಣ್ಣು ಮುಚ್ಚಿದಳು.

ಗೇಟು ದಾಟಿದ ಮೇಲೆ ಡ್ರೈವರ್ ಹೇಳಿದ, "ಕೈ ಹೊರಗೆ ಹಾಕಬೇಡಿ. ಎಡಗಡೆ ಮರದ ಕೆಳಗೆ ನೋಡಿ, ಜಿಂಕೆ."

ಕುಲ್ಸುಂ ಕಣ್ಣು ಬಿಟ್ಟಳು.

ಆ ದನಿ. ಆ ಕುತ್ತಿಗೆ. ಆ ಕಿವಿಯ ಮೇಲಿನ ಬಿಳಿ ಕೂದಲು.

"ನಾನಾ!" ಎಂದು ಮಾಹಿರಾ ತಾತನನ್ನು ಕೂಗಿಬಿಟ್ಟಳು.

ಡ್ರೈವರ್ ಕನ್ನಡಿಯಲ್ಲಿ ನೋಡಿದ. ಮೂವತ್ತನಾಲ್ಕು ವರ್ಷ ಘಾಟಿಯಲ್ಲಿ ಒಮ್ಮೆಯೂ ಗಾಡಿ ಬಂದ್ ಮಾಡಿಕೊಳ್ಳದ ಹುಸೇನ್‌ನ ಕಾಲು ಕ್ಲಚ್ಚಿನ ಮೇಲೆ ಜಾರಿ, ಗಾಡಿ ಒಮ್ಮೆ ಕುಪ್ಪಳಿಸಿ ನಿಂತಿತು.

ಅವನು ಮತ್ತೆ ಸ್ಟಾರ್ಟ್ ಮಾಡಿ ಇನ್ನೊಂದು ತಿರುವು ದಾಟುವಷ್ಟರಲ್ಲಿ ರಸ್ತೆಯ ನಟ್ಟನಡುವೆ ಒಂದು ಸಿಂಹ ಮಲಗಿತ್ತು. ಏಳುವ ಲಕ್ಷಣವೇ ಇರಲಿಲ್ಲ. ಹುಸೇನ್ ಎಂಜಿನ್ ಆರಿಸಿದ. ಜನ ಮೊಬೈಲ್ ಎತ್ತಿಕೊಂಡು ಇನ್ನೊಂದು ಬದಿಯ ಕಿಟಕಿಗಳಿಗೆ ಮುಗಿಬಿದ್ದರು. ಮುಸರ್ರತ್ ಮಗಳನ್ನು ಎತ್ತಿ ಹಿಡಿದುಕೊಂಡು ಅತ್ತ ಹೋದಳು. ಕುಲ್ಸುಂ ಎದ್ದು ಬಂದು ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತಳು.

"ಮಸೀದಿ ಕಮಿಟಿ ಇಲ್ಲಿ ಸೇರುತ್ತಾ?" ಎಂದಳು, ಹಲ್ಲಿನ ಸಂದಿಯಲ್ಲಿ.

"ಡ್ರೈವರ್ ಜೊತೆ ಮಾತಾಡಬಾರದು ಅಂತ ಬೋರ್ಡಿದೆ."

"ಗಾಡಿ ನಿಂತಿದೆ."

ಹುಸೇನ್ ಎದುರಿನ ಸಿಂಹವನ್ನೇ ನೋಡುತ್ತಾ ತಗ್ಗಿದ ದನಿಯಲ್ಲಿ ಹೇಳಿದ. ಇಲ್ಲಿಯ ಡ್ರೈವರ್ ಒಬ್ಬರು ಕಾಲು ಮುರಿದುಕೊಂಡು ರಜೆಯಲ್ಲಿದ್ದಾರೆ. ತನ್ನ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ಹುಲಿಯಪ್ಪನಿಗೆ ಇಲ್ಲಿ ಗುರುತಿನವರಿದ್ದರು. ಅವನ ಕೈಲಿ ಹೇಳಿಸಿ ಒಂದೂವರೆ ತಿಂಗಳ ಬದಲಿ ಕೆಲಸ ಹಿಡಿದಿದ್ದ.

"ಅದನ್ನ ಮನೇಲಿ ಹೇಳೋಕೇನಾಗಿತ್ತು? ಕಮಿಟಿ ಅಂತೆ... ಕೂಲಿಂಗ್ ಗ್ಲಾಸ್ ಅಂತೆ... ನಾನು ಏನೇನು ಯೋಚನೆ ಮಾಡಿದೆ ಗೊತ್ತಾ?"

"ನೀನೇ ಕೇಳ್ಕೊಂಡಿದ್ದಲ್ಲ."

"ನಾನು ಯಾರ ಹತ್ರ ಕೇಳಿದೆ?"

ಹುಸೇನ್ ಸ್ಟೀರಿಂಗ್ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದ.

"ಅಲ್ಲಾಹ್ ಹತ್ರ" ಎಂದ. "ಆ ದಿನ ಟೋಪಿ ಮರೆತು ವಾಪಸ್ ಬಂದಿದ್ದೆ. ಈ ಮನುಷ್ಯನ್ನ ಡ್ಯೂಟಿಗೆ ಕಳಿಸಿಬಿಡು ಅಂತಿದ್ದೆ ನೀನು. ಅಳ್ತಿದ್ದೆ. ಇಷ್ಟು ವರ್ಷ ಒಂದು ದಿನಾನೂ ಏನೂ ಬೇಕು ಅನ್ನಲಿಲ್ಲ ನನ್ನ ಹತ್ರ. ಮೊದಲನೇ ಸಲ ಕೇಳಿದ್ದು ಅದು. ಕೊಡಬೇಕು ಅನ್ನಿಸ್ತು."

ಹೊರಗೆ ಸಿಂಹ ಆಕಳಿಸಿ ಮತ್ತೆ ತಲೆ ಕೆಳಗಿಟ್ಟಿತು.

"ಅಷ್ಟು ಕೇಳಿ ಹೊರಟುಬಿಟ್ರಾ?"

"ಇನ್ನೇನು ಕೇಳೋದು?"

"ಥೂ..." ಎಂದಳು ಕುಲ್ಸುಂ. ಅವಳ ಕಣ್ಣು ತುಂಬಿತ್ತು, ಸಿಟ್ಟಿಗೋ ಯಾತಕ್ಕೋ. "ಬೇರೆಯವರ ದುವಾ ಕದ್ದು ಕೇಳೋರು ಪೂರ್ತಿನಾದ್ರೂ ಕೇಳಬೇಕು. ಮೂವತ್ತನಾಲ್ಕು ವರ್ಷ ನಾನು ಕೇಳಿದ್ದು ಒಂದೇ. ಅವರನ್ನ ಘಾಟಿ ಹತ್ತಿಸಿ ಮನೆ ತಲುಪಿಸು ಅಂತ. ಅಡುಗೆ ಮಾಡುವಾಗ್ಲೂ ಅದೇ, ಶಾಲೇಲಿ ಬೋರ್ಡ್ ಮೇಲೆ ಬರೀವಾಗ್ಲೂ ಅದೇ. ಈಗ ಮನೇಲೇ ಇದೀರ. ಕೈಯೆತ್ತಿದ್ರೆ ಏನು ಕೇಳಬೇಕು ಅಂತಾನೇ ತೋಚಲ್ಲ. ಒಂದು ಕಡೆ ನೀವು ತಲೆ ತಿಂತೀರ, ಇನ್ನೊಂದು ಕಡೆ ನಂಗೆ ನಮಾಜೇ ಖಾಲಿ ಅನ್ಸುತ್ತೆ. ಅದಕ್ಕೇ ಹೇಳ್ದೆ, ಡ್ಯೂಟಿಗೆ ಕಳಿಸು, ಇಲ್ಲಾಂದ್ರೆ ಇವರ ಜೊತೆ ಇರೋದು ಹೇಗೆ ಅಂತ ನಂಗೆ ಕಲಿಸು. ನಂಗೆ ಅಭ್ಯಾಸ ಇಲ್ಲ ಅಂತ."

ಹುಸೇನ್ ತಂಪು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಕಣ್ಣೊರೆಸಿಕೊಂಡ.

"ನಂಗೂ ಅಭ್ಯಾಸ ಇಲ್ಲ" ಎಂದ. "ಕೈ ಎಲ್ಲಿಡಬೇಕು ಗೊತ್ತಾಗ್ತಿರಲಿಲ್ಲ. ನೀನು ಓಡಾಡೋ ಕಡೆ ಓಡಾಡ್ತಿದ್ದೆ, ಅಷ್ಟೆ."

ಹಿಂದಿನಿಂದ ಯಾರೋ ಹಾರ್ನ್ ಹೊಡೆಯಿರಿ ಎಂದರು. ಇಲ್ಲಿ ಹಾರ್ನ್ ಮಾಡುವಂತಿಲ್ಲ, ಅದಕ್ಕೆ ಮನಸ್ಸು ಬಂದಾಗ ಏಳುತ್ತದೆ ಎಂದು ಹುಸೇನ್ ಜೋರಾಗಿ ಉತ್ತರ ಕೊಟ್ಟ. ಐದು ನಿಮಿಷಕ್ಕೆ ಸಿಂಹ ಎದ್ದು, ಯಾರ ಕಡೆಗೂ ನೋಡದೆ ಪೊದೆಯ ಹಿಂದೆ ಹೋಯಿತು.

ಗಾಡಿಯಿಂದ ಇಳಿದ ಮೇಲೆ ಕುಲ್ಸುಂ ಮಗಳಿಗೆ, ನೀವು ಹೊರಡಿ, ನಾನು ಜನ್ನಾಪುರಕ್ಕೆ ಹೋಗುತ್ತೇನೆ ಎಂದಳು. ಮುಸರ್ರತ್ ತಾಯಿಯ ಮುಖ ನೋಡಿದಳು. ಚೀಲವನ್ನು ಆಮೇಲೆ ಕಳಿಸುತ್ತೇನೆ ಎಂದಷ್ಟೇ ಹೇಳಿದಳು.

ಕೊನೆಯ ಟ್ರಿಪ್ ಮುಗಿಸಿ ಹುಸೇನ್ ಹೊರಬಂದಾಗ ಐದೂಕಾಲು. ಅಸರ್ ನಮಾಜಿನ ಹೊತ್ತು. ಅವಳದು ಆಯಿತೇ ಎಂದು ಅವನು ಕೇಳಲಿಲ್ಲ. ವಾಹನಗಳಿಂದ ದೂರ, ನೇರಳೆ ಮರದ ಕೆಳಗೆ ಟವೆಲ್ ಹಾಸಿದ. ಸ್ವಲ್ಪ ಹಿಂದೆ ತನ್ನ ಶಾಲು ಹಾಸಿಕೊಂಡು ಕುಲ್ಸುಂ ಅವನ ಹಿಂದೆ ನಿಂತಳು. ಮಂಡಿನೋವಿನವಳೆಂದು ನೆನಪಿಟ್ಟುಕೊಂಡು ಅವನು ಒಂದೊಂದು ಸಲ ಏಳುವಾಗಲೂ ಅವಳಿಗೆ ಸಮಯ ಕೊಟ್ಟ. ಇಬ್ಬರೂ ಒಟ್ಟಿಗೆ ಹೀಗೆ ನಿಂತದ್ದು ಇಷ್ಟು ವರ್ಷದಲ್ಲಿ ಬೆರಳೆಣಿಕೆಯಷ್ಟು ಸಲ. ಕೈಯೆತ್ತಿದಾಗ ಕುಲ್ಸುಂಗೆ ಕೇಳಬೇಕಾದ್ದು ಹುಡುಕದೆಯೇ ಬಂತು.

ಆಮೇಲೆ ಅವಳು ಷರತ್ತು ಹಾಕಿದಳು. ಹಿಡಿದ ಕೆಲಸ ಮುಗಿಸಿ. ಅದಾದ ಮೇಲೂ ಬೆಳಿಗ್ಗೆಯಿಂದ ಹನ್ನೆರಡರವರೆಗೆ ಎಲ್ಲಿಯಾದರೂ ಇರಿ, ಹುಲಿಯಪ್ಪನ ಮನೆಯಾದರೂ ಸರಿ. ಹತ್ತು ಗಂಟೆಯ ಚಹಾ ನನ್ನದು ಮತ್ತು ಕಾಶಮ್ಮನದು. ಹನ್ನೆರಡರ ಮೇಲೆ ಬನ್ನಿ, ಎಷ್ಟು ಬೇಕಾದರೂ ತಲೆ ತಿನ್ನಿ. ಹುಸೇನ್ ಡ್ಯೂಟಿ ಚಾರ್ಟ್ ಕೇಳಿಸಿಕೊಂಡಷ್ಟೇ ಗಂಭೀರವಾಗಿ ತಲೆಯಾಡಿಸಿದ.

ಸ್ಕೂಟರ್ ಶಿವಮೊಗ್ಗ ಪೇಟೆ ದಾಟಿ ತುಂಗಾ ಸೇತುವೆಯ ಮೇಲೆ ಬಂದಾಗ ನೀರಿನ ಮೇಲೆ ಬಿಸಿಲು ಕೆಂಪಾಗಿತ್ತು. ಅವನು ತೀರಾ ನಿಧಾನಕ್ಕೆ ಓಡಿಸುತ್ತಿದ್ದ. ಹಿಂದಿನವರೆಲ್ಲ ಬೈದುಕೊಂಡು ಮುಂದೆ ಹೋಗುತ್ತಿದ್ದರು.

"ಏನಾಯ್ತು ಗಾಡಿಗೆ?" ಎಂದಳು ಕುಲ್ಸುಂ.

"ಏನಿಲ್ಲ. ಬಸ್ಸಿನಲ್ಲಿ ಇದ್ದಾಗ ದಾರೀಲಿ ಎಷ್ಟೋ ಜಾಗ ಕಣ್ಣಿಗೆ ಬೀಳ್ತಿತ್ತು. ಇಲ್ಲಿ ಒಂದು ಸಲ ಕುಲ್ಸುಂ ಜೊತೆ ಇಳಿಬೇಕು ಅನ್ನಿಸ್ತಿತ್ತು. ಸ್ಟಾಪ್ ಇಲ್ಲದ ಕಡೆ ನಿಲ್ಲಿಸೋ ಹಾಗಿರಲಿಲ್ಲ." ಅವನು ಕೊಂಚ ತಿರುಗಿದ. "ಈಗ ನಿಲ್ಲಿಸಬಹುದು. ಎಲ್ಲಿ ಬೇಕು ಹೇಳು."

ಕುಲ್ಸುಂ ನದಿಯನ್ನು ನೋಡಿದಳು. ಮುಂದೆ ಚಾಚಿಕೊಂಡಿದ್ದ ರಸ್ತೆಯನ್ನು ನೋಡಿದಳು. ಇಷ್ಟು ಹೊತ್ತು ಸೀಟಿನ ಕಂಬಿ ಹಿಡಿದಿದ್ದ ಕೈಯನ್ನು ತೆಗೆದು ಅವನ ಹೆಗಲ ಮೇಲಿಟ್ಟಳು.

"ಈಗಲೇ ಬೇಡ" ಎಂದಳು. "ಇನ್ನೂ ಸ್ವಲ್ಪ ದೂರ ಹೋಗ್ಲಿ."