ಭಟ್ಟಿಮನೆಯೊಳಗೆ ಬಂದ ಕಾಡು

"ಬನ್ನೀ!" ಎಂದು ಅತ್ತೆ ಮಹಡಿಯಿಂದ ಕೂಗಿದ್ದು ತಮ್ಮನ ಮಗಳನ್ನು. ಒಳಗೆ ಬಂದವನು ಸರ್ವೆಯರ್.

ಅವನದೇನೂ ತಪ್ಪಿರಲಿಲ್ಲ. ಹುಟ್ಟಿದಾಗ ಬನ್ನಿನ ಹಾಗೆ ಗುಂಡಗಿದ್ದಳೆಂದು ಅಪ್ಪ ಇಟ್ಟ ಅಡ್ಡಹೆಸರು 'ಬನ್ನಿ'. ಬೇಕರಿಯವರ ಮನೆಯಲ್ಲಿ ಮಗುವಿಗೆ ಇನ್ನೇನು ಹೆಸರಿಟ್ಟಾರು! ಓಣಿಯವರಿಗೆಲ್ಲ ಇದು ಗೊತ್ತು. ಕರೆಯಲೋ ಬೇಡವೋ ಎಂದು ಬಾಗಿಲ ಹೊರಗೆ ನಿಂತಿದ್ದ ಹೊಸಬನಿಗೆ ಹೇಗೆ ಗೊತ್ತಾಗಬೇಕು? ಇಷ್ಟು ಮರ್ಯಾದೆಯಿಂದ ಕರೆಯುತ್ತಿದ್ದಾರಲ್ಲ ಎಂದುಕೊಂಡು, ಮೂರು ಕಾಲಿನ ಯಂತ್ರವನ್ನು ಹೆಗಲಿಗೇರಿಸಿ, ಕೆಸರು ಬೂಟಿನಲ್ಲೇ ಅಂಗಡಿ ದಾಟಿ ಹಿಂದಿನ ಭಟ್ಟಿಮನೆಗೆ ನಡೆದುಬಿಟ್ಟ.

ಅವಳು ಮೊಣಕೈವರೆಗೆ ಮೈದಾ ಮೆತ್ತಿಕೊಂಡು ಹಿಟ್ಟು ನಾದುತ್ತಿದ್ದಳು.

"ಯಾರ್ರೀ ನೀವು?"

"ಬನ್ನಿ ಅಂದ್ರಲ್ಲ..."

"ಬನ್ನಿ ನಾನು!"

ಅವನು ಕಣ್ಣು ಪಿಳಿಪಿಳಿ ಬಿಟ್ಟ. "ನೀವು... ಬನ್ನಿ ಅಂದ್ರಾ, ಬರಬೇಡಿ ಅಂದ್ರಾ?"

"ಬನ್ನಿ ಅಂದ್ರೆ ನನ್ನ ಹೆಸರು ಕಣ್ರೀ. ನಿಮ್ಮನ್ನ ಯಾರೂ ಕರೆದಿಲ್ಲ. ಮೊದ್ಲು ಆ ಬೂಟು ತೆಗೀರಿ."

ಅವನು ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಂತು ಬೂಟು ಬಿಚ್ಚತೊಡಗಿದ. ಕಿವಿಗಳು ಕೆಂಪೇರಿದ್ದವು. ಮುಖ ಮಾತ್ರ ಇಲಾಖೆಯ ಮುಖ, ಬಿಗಿಯಾಗಿತ್ತು. ಕಿವಿಗೂ ಮುಖಕ್ಕೂ ತಾಳವೇ ಇಲ್ಲದ ಆ ಅವಸ್ಥೆ ನೋಡಿ ಅವಳಿಗೆ ನಗು ಒತ್ತಿ ಬಂತು. ತುಟಿ ಕಚ್ಚಿಕೊಂಡು ಹಿಟ್ಟಿಗೆ ಇನ್ನೊಂದು ಗುದ್ದು ಕೊಟ್ಟಳು.

ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ.

ಬೇಕರಿ ಇದ್ದದ್ದು ಊರಿನ ಕೊನೆಯ ಓಣಿಯಲ್ಲಿ. ಮುಂದೆ ಅಂಗಡಿ, ಹಿಂದೆ ಸೌದೆ ಹಾಕಿ ಉರಿಸುವ ಇಟ್ಟಿಗೆಯ ಭಟ್ಟಿ, ಅದರಾಚೆ ಬಾವಿ, ಸೌದೆಯ ಕೊಟ್ಟಿಗೆ, ಆಮೇಲೊಂದು ತೊರೆ. ತೊರೆಯಾಚೆ ಅಭಯಾರಣ್ಯ. ತೊರೆಯೇ ಗಡಿ ಎಂದು ಅಜ್ಜನ ಕಾಲದಿಂದ ಎಲ್ಲರೂ ನಂಬಿದ್ದರು. ಆದರೆ ಎಂದೋ ಯಾರೋ ಕಚೇರಿಯಲ್ಲಿ ಕೂತು, ನಕ್ಷೆಯ ಮೇಲೆ ಅಡಿಪಟ್ಟಿ ಇಟ್ಟು ಎಳೆದ ಗೆರೆ ತೊರೆಯ ಅಂಕುಡೊಂಕನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಈಗ ಉಪಗ್ರಹದ ಅಳತೆಯಲ್ಲಿ ನೋಡಿದರೆ ಆ ಗೆರೆ ನೇರವಾಗಿ ಭಟ್ಟಿಮನೆಯ ನಡುವೆ ಹಾದುಹೋಗಿತ್ತು.

"ಈ ಮೇಜಿಂದ ಆ ಕಡೆ ಕಾಡು. ಈ ಕಡೆ ಊರು," ಎಂದ ಸರ್ವೆಯರ್, ಅವಳು ಹಿಟ್ಟು ನಾದುವ ಮೇಜನ್ನು ತೋರಿಸಿ.

"ಅಂದ್ರೆ ನಾನೀಗ ಕಾಡಲ್ಲಿ ನಿಂತಿದೀನಾ?"

"ಹೌದು."

"ನೀವು?"

"ನಾನು ಊರಲ್ಲಿ."

"ಒಳ್ಳೇ ಅನುಕೂಲ ಮಾಡ್ಕೊಂಡ್ರಿ. ಕರಡಿ ಬಂದ್ರೆ ಮೊದ್ಲು ನಾನು."

ಅವನು ನಗಲಿಲ್ಲ. "ತಮಾಷೆ ಅಲ್ಲ ರೀ. ಅಭಯಾರಣ್ಯದೊಳಗೆ ಬೆಂಕಿ ಹಚ್ಚೋ ಹಾಗಿಲ್ಲ. ಗಡಿ ತೀರ್ಮಾನ ಆಗೋವರೆಗೂ ಈ ಭಟ್ಟಿ ಉರಿಸಬಾರ್ದು. ಹೇಳೋಕೆ ನಂಗೂ ಕಷ್ಟ ಆಗ್ತಿದೆ."

ಅವಳ ಕೈ ನಿಂತಿತು. ಗೋಡೆಯುದ್ದಕ್ಕೂ ಟ್ರೇಗಳಲ್ಲಿ ಹಿಟ್ಟು ಉಬ್ಬಿ, ಭಟ್ಟಿಗೆ ಕಾದು ಕೂತಿತ್ತು. "ಇದಕ್ಕೆ ಏನಂತ ಹೇಳ್ಲಿ?" ಎಂದಳು.

ಅವನು ಟ್ರೇಗಳನ್ನು ನೋಡಿದ, ಅವಳನ್ನು ನೋಡಿದ, ಆಮೇಲೆ ತನ್ನ ಬೂಟನ್ನು. "ನೋಟಿಸು ನಾನು ಹೊರಡುವಾಗ ಕೊಡ್ಬೇಕು. ಬೂಟು ಹಾಕ್ಕೊಳ್ಳೋಕೆ ನಂಗೆ ಸ್ವಲ್ಪ ಹೊತ್ತಾಗತ್ತೆ," ಎಂದು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತ.

ಕಟ್ಟಿದ. ಬಿಚ್ಚಿದ. ಮತ್ತೆ ಕಟ್ಟಿದ. ಕೊನೆಯ ಟ್ರೇ ಘಮಘಮಿಸುತ್ತ ಹೊರಬರುವವರೆಗೂ ಅವನ ಬೂಟಿನ ದಾರ ಮುಗಿಯಲೇ ಇಲ್ಲ. ಮಹಡಿಯ ಕಿಟಕಿಯಿಂದ ಅತ್ತೆ, "ಅದೆಷ್ಟು ಗಂಟು ಹಾಕ್ತಾನೋ ಮಹಾರಾಯ!" ಎಂದಾಗ ಕಿವಿಗಳು ಮತ್ತೆ ಕೆಂಪಾದವು.

ಮರುದಿನದಿಂದ ಭಟ್ಟಿ ತಣ್ಣಗಾಯಿತು. ಅವಳಿಗೆ ಬುದ್ಧಿ ಬಂದಾಗಿನಿಂದ ಆ ಇಟ್ಟಿಗೆ ತಣ್ಣಗಾದದ್ದೇ ಇಲ್ಲ. ಅಪ್ಪ ತೀರಿಕೊಂಡ ವಾರದಲ್ಲೂ ಅತ್ತೆ ಕಣ್ಣೊರೆಸಿಕೊಳ್ಳುತ್ತಲೇ ಭಟ್ಟಿಗೆ ಸೌದೆ ಒಟ್ಟಿದ್ದರು. ಬೆಳಗ್ಗೆ ಎದ್ದವಳೇ ಅದರ ಮೈಮೇಲೆ ಅಂಗೈ ಇಟ್ಟು ನೋಡುತ್ತಿದ್ದಳು, ಮಗುವಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ. ಅಂಗಡಿ ಮುಚ್ಚಬಾರದೆಂದು ಪೇಟೆಯ ಬೇರೆ ಬೇಕರಿಯಿಂದ ಬ್ರೆಡ್ ತಂದು ಮಾರಿದಳು. ಖಾಯಂ ಗಿರಾಕಿಗಳು ಅವಳ ಮುಖ ನೋಡಿ ಕೊಳ್ಳುತ್ತಿದ್ದರು. ರುಚಿಯ ಬಗ್ಗೆ ಯಾರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಅದೇ ಹೆಚ್ಚು ನೋವು.

ಸರ್ವೆಯರ್ ಮಾತ್ರ ಬರುತ್ತಲೇ ಇದ್ದ. ಹಳೆಯ ಗಡಿಕಲ್ಲುಗಳು ಎಲ್ಲಿವೆಯೆಂದು ತೋರಿಸಲು ಅವಳು ಜೊತೆಗೆ ಹೋಗಬೇಕಾಗುತ್ತಿತ್ತು. ಮೊದಮೊದಲು ಮುಖ ಗಂಟಿಕ್ಕಿಕೊಂಡು ಮುಂದೆ ಮುಂದೆ ನಡೆದಳು. ಆಮೇಲಾಮೇಲೆ ಅವನ ಸಮಕ್ಕೆ.

"ಬನ್ನಿ," ಎಂದ ಅವನೊಮ್ಮೆ, ತೊರೆಯ ದಂಡೆಯಲ್ಲಿ.

"ಹೆಸರು ಹಿಡಿದು ಕರೆದ್ರೋ, ಬರೋಕೆ ಹೇಳಿದ್ರೋ?"

"ನಿಮಗೆ ಯಾವುದು ಸರಿ ಅನ್ಸತ್ತೋ ಅದು."

"ಹೆಸರಾದ್ರೆ ಸಲಿಗೆ ಜಾಸ್ತಿ ಆಯ್ತು."

"ಹಾಗಾದ್ರೆ ಬರೋಕೆ ಹೇಳಿದೆ."

"ಬರಲ್ಲ," ಎಂದು ಅವಳು ಬಂದಳು.

ಪರಿಹಾರ ಅವನಿಗೆ ಹೊಳೆದದ್ದು ಅಲ್ಲೇ. ತೊರೆಯಾಚೆ, ಕಾಡಿಗೆ ಆತುಕೊಂಡು ಒಂದು ಗುಡ್ಡವಿತ್ತು. ಅವಳ ಅಜ್ಜ ಅದನ್ನು ಮಗಳ ಹೆಸರಿಗೆ, ಅಂದರೆ ಅತ್ತೆಯ ಹೆಸರಿಗೆ ಬರೆದಿದ್ದರು. ಪೊಟರೆ ಬಿದ್ದ ಹೆಮ್ಮರಗಳು, ತುಂಬ ಹಕ್ಕಿಗಳು. ನಕ್ಷೆಯ ಪ್ರಕಾರ ಅದು ಖಾಸಗಿ ಜಮೀನು. ಬೆಂಕಿ ಉರಿಯುವ ಭಟ್ಟಿ ಕಾಡು.

"ಉಲ್ಟಾ ಆಗಿದೆ, ಅಲ್ವಾ?" ಎಂದ ಅವನು, ಅತ್ತೆಯ ಎದುರು ಕೂತು. "ಗುಡ್ಡಾನ ಕಾಡಿಗೆ ಬಿಟ್ಕೊಟ್ರೆ, ಗಡಿ ಗೆರೇನ ಈ ಕಡೆಯಿಂದ ಹಿಂದಕ್ಕೆ ಸರಿಸೋಕೆ ಇಲಾಖೆ ಒಪ್ಪಬಹುದು. ಹಕ್ಕಿಗಳು ಅಲ್ಲಿ ಗೂಡು ಕಟ್ತಾವೆ, ಅಮ್ಮ. ನಿಮ್ಮ ಭಟ್ಟೀಲಿ ಕಟ್ಟಲ್ಲ."

"ಒಂದು ಹಿಡಿ ಮಣ್ಣೂ ಕೊಡಲ್ಲ," ಎಂದರು ಅತ್ತೆ. "ಬೇಕರಿ ಗಂಡುಮಗನಿಗೆ ಅಂತ ಹೋಯ್ತು. ನಮ್ಮಪ್ಪ ನಂಗೆ ಅಂತ ಕೊಟ್ಟಿದ್ದು ಅದೊಂದೇ."

ಅವನು ನಕ್ಷೆ ಮಡಚಿಕೊಂಡ. ಗುಡ್ಡ ಕೊಡಿ ಎಂದು ಅವಳೂ ಅತ್ತೆಯನ್ನು ಕೇಳಲಿಲ್ಲ. ಕೇಳುವುದಾದರೂ ಹೇಗೆ?

ಅತ್ತೆಯ ಮನಸ್ಸು ಕರಗಿದ್ದು ನಾಷ್ಟಾದ ಹೊತ್ತಿನಲ್ಲಿ. ಪೇಟೆಯ ಬ್ರೆಡ್ಡನ್ನು ಚಹಾದಲ್ಲಿ ಅದ್ದಿದರೆ ಅದು ಅರ್ಧಕ್ಕೆ ಕಳಚಿ ಲೋಟದೊಳಗೆ ಮುಳುಗಿತು. ಅತ್ತೆ ಲೋಟವನ್ನೇ ನೋಡುತ್ತ ಕೂತರು. ಆಮೇಲೆ ಎದುರಿಗಿದ್ದ ಹುಡುಗಿಯ ಸೊರಗಿದ ಮುಖವನ್ನು ನೋಡಿದರು.

"ಹತ್ತಿ ತಿಂದ ಹಾಗಿದೆ," ಎಂದರು. "ಕರಿ ನಿನ್ನ ಆ ಬೂಟಿನವನನ್ನ. ಕೊಟ್ಬಿಡ್ತೀನಿ ಗುಡ್ಡಾನ. ನಾನು ಅಲ್ಲಿಗೆ ಹೋದ್ರೆ ಹಕ್ಕಿಗಳು ನನ್ನೇ ಬಯ್ಯೋದು, ಯಾರು ನೀನು ಅಂತ."

"ನನ್ನ ಬೂಟಿನವನಲ್ಲ," ಎಂದಳು ಅವಳು. ಅಷ್ಟರಲ್ಲಾಗಲೇ ಚಪ್ಪಲಿ ಮೆಟ್ಟಿಕೊಂಡಾಗಿತ್ತು.

ಸುದ್ದಿ ಹೇಳಲು ಓಡಿದಾಗ ಅವನು ತೊರೆಯ ಮಧ್ಯದ ಬಂಡೆಯ ಮೇಲಿದ್ದ. ಅವಳು ನೀರಿಗಿಳಿಯುವುದನ್ನು ಕಂಡು ಕೈ ಚಾಚಲು ಹೋಗಿ, ತಡೆದು, ಕೆಂಪು ಬಿಳಿ ಪಟ್ಟೆಯ ಅಳತೆಕೋಲು ಚಾಚಿದ. ಅವಳು ಆ ತುದಿ ಹಿಡಿದಳು. ಅತ್ತೆ ಒಪ್ಪಿದರು ಎಂದು ಹೇಳಿದಳು. ಹೇಳಿಯಾದ ಮೇಲೂ ಇಬ್ಬರೂ ಕೋಲು ಬಿಡಲಿಲ್ಲ.

"ಇದರಲ್ಲಿ ನನ್ನನ್ನೂ ಅಳೀತೀರಾ ಹೇಗೆ?" ಎಂದು ಕೆಣಕಿದಳು.

"ನೀವು ಅಳತೆಗೆ ಸಿಗೋರಲ್ಲ," ಎಂದುಬಿಟ್ಟ. ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಬೆಚ್ಚಿಬಿದ್ದವನಂತೆ ಮುಖ ತಿರುಗಿಸಿದ. ಅವಳ ಎದೆಯಲ್ಲಿ ಏನೋ ಹಿಟ್ಟಿನಂತೆ ಸದ್ದಿಲ್ಲದೆ ಉಬ್ಬಿತು.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ.

ಬಂದವರು ಅವನ ಮೇಲಧಿಕಾರಿ, ಒಬ್ಬ ಮೇಡಂ. ನರೆತ ಕೂದಲು, ದಪ್ಪ ಕನ್ನಡಕ. ಕೊಟ್ಟ ಚಹಾ ಮುಟ್ಟಲಿಲ್ಲ, ತಮ್ಮ ಬಾಟಲಿಯ ನೀರನ್ನೇ ಕುಡಿದರು. ಎಲ್ಲವನ್ನೂ ಮೊದಲಿನಿಂದ ಅಳೆಯತೊಡಗಿದರು.

"ಹಿಂದಿನವರು ಎಲ್ಲಿ ಮೇಡಂ?"

"ಅವರು ಈ ಕೆಲಸ ಬಿಟ್ಟಿದಾರೆ."

"ಯಾಕೆ?"

"ಅದು ನಿಮಗೆ ಸಂಬಂಧಪಟ್ಟಿದ್ದಲ್ಲ," ಎಂದು ಮೇಡಂ ಯಂತ್ರಕ್ಕೆ ಕಣ್ಣು ಹಚ್ಚಿದರು.

ಒಂದು ಸಂಜೆ ಅವನು ಓಣಿಯ ತುದಿಯಲ್ಲಿ ಕಂಡ. ಅವಳು ಕೈ ಎತ್ತುವಷ್ಟರಲ್ಲಿ ತಲೆ ತಗ್ಗಿಸಿ ರಸ್ತೆ ದಾಟಿ ಆಚೆ ಬದಿಗೆ ಹೊರಟುಹೋದ. ಎತ್ತಿದ ಕೈಯಿಂದ ಸುಮ್ಮನೆ ಕೂದಲು ಸರಿಮಾಡಿಕೊಂಡಳು. ಮನೆಗೆ ಬಂದು ಅತ್ತೆಯೊಡನೆ, "ಗುಡ್ಡ ಸಿಕ್ತಲ್ಲ, ಕೆಲಸ ಮುಗೀತು ಅವರದ್ದು. ಹೊಳೆ ದಾಟಿದ ಮೇಲೆ ಅಂಬಿಗ ಯಾಕೆ ಬೇಕು?" ಎಂದಳು.

"ನೀನು ಅಂಬಿಗನಾ, ಅವನಾ?" ಎಂದರು ಅತ್ತೆ. ಅವಳು ಒಳಗೆ ಹೋದಳು.

ವಿಚಾರಣೆ ನಡೆದದ್ದು ಊರಿನ ಸಭಾಂಗಣದಲ್ಲಿ. ಭಟ್ಟಿ ಉಳಿಯುತ್ತದೋ ಒಡೆಯುತ್ತಾರೋ ಅಂದೇ ಗೊತ್ತಾಗಬೇಕಿತ್ತು. ಅತ್ತೆ ಅವಳ ಕೈಯನ್ನು ತಮ್ಮ ಮಡಿಲಲ್ಲಿಟ್ಟು ಹಿಡಿದಿದ್ದರು. 'ಕಾಡು ಉಳಿಸಿ' ಸಂಘದ ಮುದುಕರೊಬ್ಬರು ಎದ್ದು ನಿಂತು, "ಒಬ್ಬರಿಗೆ ಅಂತ ಗಡಿ ಸರಿಸಿದ್ರೆ ನಾಳೆ ಎಲ್ಲರೂ ಕೇಳ್ತಾರೆ. ಅಲ್ಲದೆ ಹಿಂದಿನ ಸರ್ವೆಯರ್ ಬೇಕರಿ ಕಡೆಗೇ ವಾಲಿದ್ರು ಅಂತ ಊರೆಲ್ಲ ಗುಸುಗುಸು. ಆ ಅಳತೆನ ಹೇಗೆ ನಂಬೋದು?" ಎಂದು ಕೇಳಿದರು.

ಅವಳು ತಲೆ ತಗ್ಗಿಸಿದಳು.

ಮೇಡಂ ಕನ್ನಡಕ ತೆಗೆದರು. "ನಂಬಬೇಡಿ. ನಾನೂ ನಂಬಲಿಲ್ಲ. ಯಾಕಂದ್ರೆ ಆ ಹುಡುಗ ತಾನಾಗೇ ಬಂದು ಹೇಳಿದ: ಮೇಡಂ, ಈ ಮನೆ ಅಳತೆ ನನ್ನಿಂದ ನೆಟ್ಟಗೆ ಆಗಲ್ಲ, ಮನಸ್ಸು ವಾಲಿಬಿಟ್ಟಿದೆ, ಬೇರೆಯವರನ್ನ ಹಾಕಿ ಅಂತ. ತೀರ್ಮಾನ ಆಗೋವರೆಗೂ ಆ ಮನೆಯವರ ಜೊತೆ ಒಂದು ಮಾತೂ ಆಡಬೇಡ ಅಂತ ನಾನೇ ಕಟ್ಟಪ್ಪಣೆ ಮಾಡಿದೆ."

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಅತ್ತೆ ಅವಳ ಕೈಯನ್ನು ಚಿವುಟಿದರು.

"ಆಮೇಲೆ ಅವನು ಎಳೆದಿದ್ದ ಹೊಸ ಗೆರೆ ನೋಡಿದೆ," ಎಂದು ಮೇಡಂ ಮುಂದುವರಿಸಿದರು. "ನಿಜವಾಗಿ ವಾಲಿತ್ತು. ಆದ್ರೆ ಕಾಡಿನ ಕಡೆಗೆ! ಪಕ್ಷಪಾತ ಆದೀತು ಅನ್ನೋ ಭಯಕ್ಕೆ ಇವರ ಬಾವೀನೂ ಕೊಟ್ಟಿಗೇನೂ ಕಾಡಿಗೆ ಬರೆದುಬಿಟ್ಟಿದ್ದ. ಹಳೇ ಗಡಿಕಲ್ಲು ಕಣ್ಣೆದುರಿಗೇ ಇದ್ರೂ ಅದನ್ನ ನಂಬೋ ಧೈರ್ಯ ಅವನಿಗಿರ್ಲಿಲ್ಲ. ನಾನು ಕಲ್ಲಿಂದ ಕಲ್ಲಿಗೆ ಅಳೆದಿದೀನಿ. ತೊರೆಯೇ ಗಡಿ. ಭಟ್ಟಿ, ಬಾವಿ, ಕೊಟ್ಟಿಗೆ ಊರಿಗೆ. ಗುಡ್ಡ ಕಾಡಿಗೆ. ಬಿಟ್ಟಿದ್ದಕ್ಕಿಂತ ಕಾಡಿಗೆ ಸಿಕ್ಕಿದ್ದೇ ಹೆಚ್ಚು. ಬೇಕಾದ್ರೆ ನೀವೇ ಬಂದು ಅಳೀರಿ."

ಮುದುಕರು ತಲೆಯಾಡಿಸಿದರು. "ಗುಡ್ಡದ ಹಕ್ಕಿಗಳನ್ನ ನೋಡೋಕೆ ಹೋಗಬಹುದಾ?" ಎಂದು ಕೇಳಿ, ಹೌದೆನ್ನಿಸಿಕೊಂಡು, ಕೂತರು.

ಗಡಿ ಬದಲಾವಣೆಯ ಆದೇಶ ಓದಿದಾಗ ಅತ್ತೆ ಅಳತೊಡಗಿದರು. ಅವಳಿಗೆ ಅಳು ಬರಲಿಲ್ಲ. ಇಷ್ಟು ದಿನ ಬಿಗಿಹಿಡಿದಿದ್ದ ಉಸಿರು ಹೊರಬಿತ್ತು ಅಷ್ಟೇ. ಬಿದ್ದ ಮೇಲೆ ಮೈ ಎಷ್ಟು ಹಗುರಾಯಿತೆಂದರೆ, ಎದ್ದವಳು ಯಾರಿಗೂ ಹೇಳದೆ ಬಾಗಿಲ ಕಡೆ ಓಡಿದಳು.

ಅವನು ಎದುರಿನ ಕಟ್ಟೆಯ ಮೇಲೆ, ಪರೀಕ್ಷೆಯ ಫಲಿತಾಂಶಕ್ಕೆ ಕಾದವನಂತೆ ಕೂತಿದ್ದ. ಅವಳನ್ನು ಕಂಡು ಎದ್ದ. ಮತ್ತೆ ರಸ್ತೆ ದಾಟಲು ಹೊರಟ.

"ನಿಂತ್ಕೊಳ್ರೀ! ತೀರ್ಮಾನ ಆಯ್ತು. ಈಗ ಮಾತಾಡಬಹುದು."

ನಿಂತ. "ಏನಾಯ್ತು?"

ಅವಳು ಬೇಕೆಂದೇ ಮುಖ ಸಣ್ಣಗೆ ಮಾಡಿದಳು. "ನಿಮ್ಮ ಅಳತೆ ತಪ್ಪು ಅಂದ್ರು ಮೇಡಂ. ಎಲ್ಲರ ಮುಂದೆ."

ಅವನ ಮುಖ ಬಿಳಿಚಿತು. "ಭಟ್ಟಿ?"

ಆ ಒಂದು ಪದದಲ್ಲಿದ್ದ ಗಾಬರಿ ನೋಡಿ ಅವಳಿಗೆ ಇನ್ನು ಆಟವಾಡಿಸಲು ಆಗಲಿಲ್ಲ. "ಉಳೀತು. ಬಾವೀನೂ ಉಳೀತು, ಕೊಟ್ಟಿಗೇನೂ. ನೀವು ಮಾತ್ರ ಅವೆರಡನ್ನೂ ಕಾಡಿಗೆ ಧಾರೆ ಎರೆದುಬಿಟ್ಟಿದ್ರಂತೆ."

ಅವನು ಮತ್ತೆ ಕಟ್ಟೆಯ ಮೇಲೆ ಕುಸಿದು ಕೂತ. ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡ. ಭುಜ ಕುಲುಕುತ್ತಿತ್ತು. ನಗುವೋ ಅಳುವೋ ತಿಳಿಯದೆ ಅವಳು ಪಕ್ಕದಲ್ಲಿ ಕೂತಳು.

"ಗೆರೆ ಎಳೆಯೋಕೆ ಕೂತಾಗಲೆಲ್ಲ ನೀವೇ ಕಾಣ್ತಿದ್ರಿ," ಎಂದ, ಬೆರಳುಗಳ ಮರೆಯಿಂದ. "ಕೈ ನಿಮ್ಮ ಕಡೆ ಹೋಗ್ತಿದೆ ಅನ್ಸಿ ಎಳೆದೆಳೆದು ಕಾಡಿನ ಕಡೆ ತಂದೆ. ನಂಗೆ ಗೊತ್ತಾಗೋಯ್ತು, ಇದು ನನ್ನ ಕೈಲಿ ಆಗೋ ಕೆಲಸ ಅಲ್ಲ ಅಂತ."

"ಬಾಯಿಬಿಟ್ಟು ಹೇಳಬಹುದಿತ್ತು."

"ಹೇಳಿದ್ರೆ ನಿಮ್ಮ ಭಟ್ಟಿ ಹೋಗ್ತಿತ್ತು."

ಅವಳು ಅವನ ಕಡೆ ತಿರುಗಿ ಕೂತಳು. ಆಮೇಲೆ ಮೆಲ್ಲಗೆ, "ಈಗ ಹೇಳಿದ್ರೆ ಏನೂ ಹೋಗಲ್ಲ," ಎಂದಳು.

ಅವನು ಕೈ ತೆಗೆದ. ಕಣ್ಣು ಒದ್ದೆಯಾಗಿತ್ತು. "ನೀವಂದ್ರೆ ನಂಗೆ ಇಷ್ಟ. ತುಂಬ."

"ಅದನ್ನ ನಿಮ್ಮ ಮೇಡಂ ಆಗಲೇ ಊರಿಗೆಲ್ಲ ಸಾರಿದ್ರು," ಎಂದಳು, ನಗುತ್ತ. "ನಂಗೆ ಮಾತ್ರ ನೀವೇ ಹೇಳಬೇಕಿತ್ತು." ತಾನಾಗಿ ಅವನ ಕೈಗೆ ಕೈ ಸೇರಿಸಿದಳು.

ಅತ್ತೆ ಸೆರಗಿನಿಂದ ಮೂಗೊರೆಸಿಕೊಳ್ಳುತ್ತ ಹೊರಬಂದರು. ಕಟ್ಟೆಯನ್ನೂ ಕೈಗಳನ್ನೂ ನೋಡಿದರು. "ಗುಡ್ಡ ಹೋಯ್ತು. ಹುಡುಗೀನೂ ಹೊರಟ್ಳಾ?" ಎಂದರು.

"ಎಲ್ಲಿಗೂ ಹೋಗಲ್ಲ ಅತ್ತೆ. ಇವರೇ ಬರ್ತಾರೆ."

"ಹಾಗಾದ್ರೆ ಬೆಳಗ್ಗೆ ಸೌದೆ ಒಡೆಯೋಕೆ ಬಾರಪ್ಪ," ಎಂದರು ಅತ್ತೆ ಅವನಿಗೆ. "ಕೊಟ್ಟಿಗೆ ಕಾಡಿಗೆ ಕೊಟ್ಟಿದ್ದಕ್ಕೆ ಅದೇ ಶಿಕ್ಷೆ."

ಬೆಳಕು ಹರಿಯುವ ಮೊದಲೇ ಅವನು ಬಂದ. ಸೌದೆ ಒಡೆದ, ಬಾವಿಯಿಂದ ನೀರು ಸೇದಿದ. ಅವಳು ಬೆಂಕಿ ಹಚ್ಚಿದಳು. ಮೊದಲು ಹೊಗೆ, ಆಮೇಲೆ ಚಟಪಟ, ಆಮೇಲೆ ನಿಧಾನವಾಗಿ ಇಟ್ಟಿಗೆಗೆ ಬಿಸಿ ಬಂತು. ಮೊದಲ ಟ್ರೇ ಒಳಗಿಟ್ಟು ತಿರುಗಿ ನೋಡಿದರೆ, ಅವನು ಬೆಚ್ಚನೆಯ ಗೋಡೆಗೆ ಒರಗಿ ಮೈದಾ ಚೀಲಗಳ ನಡುವೆ ನಿದ್ದೆ ಹೋಗಿದ್ದ. ಎಷ್ಟು ರಾತ್ರಿಗಳ ನಿದ್ದೆ ಬಾಕಿಯಿತ್ತೋ ಏನೋ, ಬಾಯಿ ಸ್ವಲ್ಪ ತೆರೆದಿತ್ತು.

ಎಬ್ಬಿಸಲೆಂದು ಹತ್ತಿರ ಹೋದವಳು ಎಬ್ಬಿಸಲಿಲ್ಲ. ಇಷ್ಟು ದಿನ ಅವನನ್ನು ನೋಡಿದ್ದೆಲ್ಲ ಓರೆಗಣ್ಣಲ್ಲಿ, ಕದ್ದು, ಬಿಟ್ಟು ಬಿಟ್ಟು. ಈಗ ಯಾರ ಭಯವೂ ಇರಲಿಲ್ಲ. ಬ್ರೆಡ್ ಬೇಯಲು ಇನ್ನೂ ಹೊತ್ತಿತ್ತು. ಅವಳು ಎದುರಿಗೆ ಚೀಲವೊಂದನ್ನು ಎಳೆದುಕೊಂಡು ಕೂತು, ಗಲ್ಲಕ್ಕೆ ಕೈಯಾನಿಸಿ, ಸಾವಕಾಶವಾಗಿ, ಕಣ್ತುಂಬ ಅವನನ್ನು ನೋಡಿದಳು.