ಮಂಚದ ಕೆಳಗಿನ ಬೆಕ್ಕು

"ಬಾಗಿಲು ಹಾಕಿ! ಯಾರೂ ಹೊರಗೆ ಹೋಗೋ ಹಾಗಿಲ್ಲ!"

ಚಿತ್ರಶಾಲೆಯ ನಿರ್ದೇಶಕಿಯ ಕೂಗಿಗೆ ಗೋಡೆ ತುಂಬ ಚಿತ್ರಗಳಿದ್ದ ಇಡೀ ಕಟ್ಟಡ ಗಪ್‌ಚಿಪ್ಪಾಯಿತು. ಭಾನುವಾರದ ಮಕ್ಕಳ ಮೇಳ — ಬಣ್ಣ, ಕಾಗದ, ಗಲಾಟೆ, ನಗು. ಎಲ್ಲದರ ಮೇಲೂ ಒಂದೇ ಏಟಿಗೆ ಮಣ್ಣು ಬಿತ್ತು.

'ಮಲಗಿದ ಹೆಂಗಸು' ಆ ಚಿತ್ರಶಾಲೆಗೆ ಹೆಸರು ತಂದುಕೊಟ್ಟ ಚಿತ್ರ. ಹಳೆಯ ಮಂಚ, ಅದರ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದವಳು, ಮಂಚದ ಕೆಳಗೆ ಕತ್ತಲೆ. ಆ ಕತ್ತಲೆಯಿದ್ದ ಮೂಲೆಯೇ ಈಗ ಇರಲಿಲ್ಲ. ಎಲ್ಲರೂ ಅಂಗಳದಲ್ಲಿ ಊಟಕ್ಕೆ ಕೂತಿದ್ದಾಗ ಯಾರೋ ಅಂಗೈಯಗಲ ಕ್ಯಾನ್ವಾಸ್ ಬಟ್ಟೆಯನ್ನು ಕತ್ತರಿಸಿ ಒಯ್ದಿದ್ದರು.

ಊಟದಿಂದ ಎಲ್ಲರಿಗಿಂತ ಮೊದಲೇ ಎದ್ದು ಬಂದು ಚಿತ್ರದ ಮುಂದೆ ನೆಲದ ಮೇಲೆ ಒಬ್ಬಳೇ ಕೂತಿದ್ದವಳು ಎಂಟು ವರ್ಷದ ಹುಡುಗಿ. ಅವಳ ಮಡಿಲಲ್ಲಿ ಮೇಳದಲ್ಲಿ ಕಾಗದ ಕತ್ತರಿಸಲು ಕೊಟ್ಟಿದ್ದ ಮೊಂಡು ಕತ್ತರಿ.

"ಚಿಟ್ಟೇ, ಏನೇ ಮಾಡ್ದೆ?" ಅವಳ ಅಪ್ಪ ಓಡಿ ಬಂದು ಕೇಳಿದ.

ಹುಡುಗಿ ಚಿತ್ರದ ತೂತನ್ನೇ ನೋಡುತ್ತಿದ್ದಳು.

ಅಪ್ಪ ಬಸ್ ಓಡಿಸುವವನು. ಚಿತ್ರ-ಗಿತ್ರ ಅವನಿಗೆ ದೂರ. ಮೊದಲೆಲ್ಲ ಮಗಳನ್ನು ಇಲ್ಲಿಗೆ ಕರೆತರುತ್ತಿದ್ದವಳು ಹೆಂಡತಿ, ಇವನು ಹೊರಗೆ ಟೀ ಕುಡಿಯುತ್ತ "ಗೋಡೆ ನೋಡೋಕೂ ಟಿಕೆಟ್ಟಾ?" ಎಂದು ಅವಳನ್ನು ರೇಗಿಸುತ್ತಿದ್ದ. ಅವಳು ತೀರಿಕೊಂಡು ವರ್ಷವಾಗುತ್ತ ಬಂತು. ಇವತ್ತು ಮಗಳೇ ಅವನ ಕೈ ಹಿಡಿದು ಎಳೆತಂದಿದ್ದಳು. "ಅಮ್ಮ ತೋರಿಸ್ತಿದ್ದ ಬೆಕ್ಕನ್ನ ನಿಂಗೂ ತೋರಿಸ್ತೀನಿ ಬಾ ಅಪ್ಪಾ."

ಬೆಳಿಗ್ಗೆ ಚಿತ್ರದ ಮುಂದೆ ಕೂತು ನೋಡಿದಳು, ಬಗ್ಗಿ ನೋಡಿದಳು. "ಬೆಕ್ಕಿಲ್ಲ! ಮಂಚದ ಕೆಳಗೆ ಬೆಕ್ಕೇ ಇಲ್ಲ!" ಎಂದು ಕಿರುಚಿದಳು. ಬೇರೆ ಮಕ್ಕಳೂ ಕೂತು ಹುಡುಕಿದವು, ಯಾರಿಗೂ ಸಿಗಲಿಲ್ಲ. ನಿರ್ದೇಶಕಿ ಬಂದು, "ಆಯ್ತಮ್ಮ, ನಾಳೆ ತಜ್ಞರನ್ನ ಕರೆಸಿ ಕೇಳ್ತೀನಿ" ಎಂದರು. ನಾಲ್ಕು ಜನರ ಮುಂದೆ ಅಪ್ಪನಿಗೆ ನಾಚಿಕೆಯಾಯಿತು. "ಅಮ್ಮ ಸುಮ್ನೆ ಕಥೆ ಕಟ್ಟಿರ್ತಾಳೆ, ಬಿಡೇ" ಅಂದುಬಿಟ್ಟ. ಆಗ ಮುಚ್ಚಿದ ಬಾಯನ್ನು ಹುಡುಗಿ ಇನ್ನೂ ತೆರೆದಿರಲಿಲ್ಲ.

ಇನ್ಸ್‌ಪೆಕ್ಟರ್ ಬಂದರು. ಎತ್ತರದ ಹೆಂಗಸು, ಮಾತು ಕಡಿಮೆ. ಬೆಳಿಗ್ಗೆಯಿಂದ ನಡೆದದ್ದನ್ನೆಲ್ಲ ಕೇಳಿ ತಿಳಿದುಕೊಂಡರು. ಮಗುವಿನ ಚೀಲ ಜಾಲಾಡಿದರು. ಅಪ್ಪನ ಜೇಬುಗಳನ್ನೂ ಎಲ್ಲರೆದುರು ಹೊರಗೆಳೆಸಿದರು. ತುಂಡು ಸಿಗಲಿಲ್ಲ.

"ಇನ್ನೇನು ಬೇಕು ಮೇಡಂ?" ನಿರ್ದೇಶಕಿ ಸಿಡುಕಿದರು. "ಬೆಕ್ಕು ಬೆಕ್ಕು ಅಂತ ಹಟ ಮಾಡಿದ್ದು ಇವಳು. ಕೈಯಲ್ಲಿ ಕತ್ತರಿ ಬೇರೆ! ಇಂಥ ಮಕ್ಕಳನ್ನ ಸುಮ್ನೆ ಬಿಡಬಾರದು."

"ನೀವು ಆ ಬೆಕ್ಕನ್ನ ನೋಡಿದೀರಾ?"

"ನಾನಾ? ಇಲ್ಲಪ್ಪ. ನಂಗೆ ಯಾವತ್ತೂ ಬರೀ ಕತ್ತಲೆಯೇ ಕಂಡಿದ್ದು."

ಪಕ್ಕದಿಂದ ಮೆತ್ತನೆಯ ದನಿಯೊಂದು ಬಂತು. "ಪಾಪ, ಬಿಟ್ಬಿಡಿ ಮೇಡಂ. ಕಂಪ್ಲೇಂಟು-ಗಿಂಪ್ಲೇಂಟು ಬೇಡ." ಚಿತ್ರಶಾಲೆಯ ಮೇಲ್ವಿಚಾರಕ. ಚಿತ್ರ ಇಳಿಸುವುದು, ಒರೆಸುವುದು, ಮುಂದಿನ ಅಂಗಡಿಯಲ್ಲಿ ಪೋಸ್ಟರ್ ಮಾರುವುದು ಎಲ್ಲ ಅವನದೇ. ಮಕ್ಕಳಿಗೆ ಅವನು ಚಾಕಲೇಟ್ ಮಾಮ. "ತಾಯಿಯಿಲ್ಲದ ಮಗು. ಅಮ್ಮನ ನೆನಪಿಗೆ ಅಂತ ಬೆಕ್ಕನ್ನ ಕತ್ತರಿಸ್ಕೊಂಡಿದೆ, ಅಷ್ಟೇ."

ಅಪ್ಪನ ಕಣ್ಣು ತುಂಬಿ ಬಂತು. ಇಷ್ಟು ಜನರಲ್ಲಿ ಕನಿಕರ ಇರುವವನು ಇವನೊಬ್ಬನೇ ಅನ್ನಿಸಿತು.

"ಅಂದ್ರೆ ಬೆಕ್ಕು ಇತ್ತು?" ಇನ್ಸ್‌ಪೆಕ್ಟರ್ ಕೇಳಿದರು.

"ಇತ್ತು ಮೇಡಂ! ಇವತ್ತು ಬೆಳಿಗ್ಗೆ ಬಾಗಿಲು ತೆಗೆದಾಗಲೂ ನೋಡಿದೆ. ಇಲ್ಲೇ ನಿಂತ್ಕೊಂಡು, ಕಣ್ಣಾರೆ."

"ಕೂತಲ್ಲ, ನಿಂತು?"

"ನಮಗೆಲ್ಲಿ ಕೂರೋಕೆ ಪುರುಸೊತ್ತು!"

ಇನ್ಸ್‌ಪೆಕ್ಟರ್ ಬೂಟು ಬಿಚ್ಚಿ ಹುಡುಗಿಯ ಪಕ್ಕ ನೆಲದ ಮೇಲೆ ಕೂತರು. "ಚಿಟ್ಟೆ, ನಂಗೂ ಹೇಳು. ಅಮ್ಮ ಅದನ್ನ ಹೇಗೆ ತೋರಿಸ್ತಿದ್ರು?"

ಹುಡುಗಿ ತಲೆಯೆತ್ತಿ ಅವರನ್ನು ನೋಡಿದಳು. ಆಮೇಲೆ ಸಣ್ಣ ದನಿ: "ನಿಂತ್ರೆ ಲೈಟು ಮಿಂಚುತ್ತೆ, ಕಾಣಲ್ಲ. ಕೂತ್ಕೋಬೇಕು. ಆಗ ಎರಡು ಕಣ್ಣು ಕಾಣ್ಸುತ್ತೆ, ಆಮೇಲೆ ಮೀಸೆ."

ಇನ್ಸ್‌ಪೆಕ್ಟರ್ ಎದ್ದು ನಿಂತು ನೋಡಿದರು — ದೀಪದ ಬೆಳಕು ಚಿತ್ರದ ಕೆಳಭಾಗಕ್ಕೆ ಬಡಿದು ಕಣ್ಣು ಕುಕ್ಕಿತು. ಮತ್ತೆ ಕೂತರು — ಮಿಂಚು ಮಾಯ. ಜೊತೆಗೆ ಬಂದಿದ್ದ ಪೇದೆಯ ಕಿವಿಯಲ್ಲಿ ಏನೋ ಹೇಳಿ ಅಂಗಡಿಯ ಕಡೆ ಕಳಿಸಿದರು. ಆಮೇಲೆ ಕತ್ತರಿಸಿದ ಅಂಚನ್ನು ಎತ್ತಿ ಹಿಡಿದರು.

"ನಿರ್ದೇಶಕರೇ, ಈ ಚಿತ್ರಕ್ಕೆ ಎಷ್ಟು ವಯಸ್ಸು?"

"ನೂರರ ಮೇಲೆ."

"ನೂರು ವರ್ಷದ ಬಟ್ಟೆ ಕಂದು ತಿರುಗಿರಬೇಕು. ಈ ಎಳೆ ನೋಡಿ, ಹೊಚ್ಚ ಹೊಸದು. ಇದು ನಿಮ್ಮ ಚಿತ್ರ ಅಲ್ಲ — ನಕಲು."

ನಿರ್ದೇಶಕಿ ಬಗ್ಗಿ ಆ ಎಳೆಯನ್ನು ಮುಟ್ಟಿ ನೋಡಿದರು.

"ನಕಲು ಬರೆದವನು ಅಂಗಡಿಯ ಪೋಸ್ಟರ್ ನೋಡಿ ಬರೆದ. ಪೋಸ್ಟರಿನಲ್ಲಿ ಮಂಚದ ಕೆಳಗೆ ಬರೀ ಕಪ್ಪು, ಒಳಗೆ ಬರುವಾಗಲೇ ನೋಡಿದೆ. ಬರೆಸಿದವನಿಗೂ ಬೆಕ್ಕಿನ ವಿಷಯ ಗೊತ್ತಿರಲಿಲ್ಲ, ಯಾಕಂದ್ರೆ ಇಲ್ಲಿ ಕೆಲಸ ಮಾಡೋ ದೊಡ್ಡವರು ಯಾರೂ ನೆಲದ ಮೇಲೆ ಕೂತು ಚಿತ್ರ ನೋಡಲ್ಲ. ಇವತ್ತು ಈ ಮಗು ಕೂತಿತು. ಬೆಕ್ಕಿಲ್ಲ ಅಂತ ಕೂಗಿತು. ನಾಳೆ ತಜ್ಞರು ಬರ್ತಾರೆ ಅಂತ ನೀವಂದ್ರಿ. ಕಳ್ಳನಿಗೆ ನಡುಕ ಹುಟ್ಟಿತು. ಬೆಕ್ಕಿಲ್ಲದ ಆ ಮೂಲೆಯೇ ಇರಬಾರದು ಅಂತ ಕತ್ತರಿಸಿದ. ಮೊಂಡು ಕತ್ತರಿಗೆ ಇಂಥ ನುಣುಪು ಅಂಚು ಬರುತ್ತಾ? ಇದು ಬ್ಲೇಡಿನ ಕೆಲಸ. ತಪ್ಪು ಹೊರಿಸೋಕೆ ಮಾತಾಡದ ಮಗು ಸಿಕ್ಕಿತು."

ಇನ್ಸ್‌ಪೆಕ್ಟರ್ ತಿರುಗಿದರು.

"ಇಷ್ಟೊಂದು ಮಕ್ಕಳು ಕೂತು ಹುಡುಕಿದ್ರೂ ಕಾಣದ ಬೆಕ್ಕು, ಬೆಳಿಗ್ಗೆ ನಿಂತವನಿಗೆ ಕಂಡಿತಂತೆ. ಅಲ್ವಾ, ಚಾಕಲೇಟ್ ಮಾಮ?"

ಅಷ್ಟರಲ್ಲಿ ಪೇದೆ ಅಂಗಡಿಯಿಂದ ಬಂದ. ಪೋಸ್ಟರ್ ಸುತ್ತಿಡುವ ಕೊಳವೆಯೊಳಗೆ ಆ ತುಂಡು ಸಿಕ್ಕಿತ್ತು. ಅಂಗೈಯಗಲ ಕಪ್ಪು, ಬೇರೇನೂ ಇಲ್ಲ.

"ಅಸಲಿ ಎಲ್ಲಿ?" ನಿರ್ದೇಶಕಿ ಚೀರಿದರು.

"ಮಾರಿ ಆರು ತಿಂಗಳಾಯ್ತು," ಮಾಮ ನೆಲ ನೋಡುತ್ತ ಅಂದ. "ಹಡಗು ಹತ್ತಿ ಹೋಯ್ತು. ಎಲ್ಲಿಗೆ ಅಂತ ನಂಗೂ ಗೊತ್ತಿಲ್ಲ." ಅವನನ್ನು ಕರೆದೊಯ್ಯುವಾಗ ಒಂದು ಮಗುವೂ ಅವನ ಕಡೆ ಕೈ ಬೀಸಲಿಲ್ಲ.

ನಕಲು ಚಿತ್ರವನ್ನೂ ಇಳಿಸಿ ಒಯ್ದರು. ಗೋಡೆ ಬೋಳಾಯಿತು. ಹುಡುಗಿ ಕೂತಲ್ಲೇ ಕೂತಿದ್ದಳು. ಅಪ್ಪ ಮೊದಲ ಸಲ ಅವಳ ಪಕ್ಕ ನೆಲದ ಮೇಲೆ ಕೂತ. "ನಿನ್ನ ನಂಬಬೇಕಿತ್ತು ಕಣೇ. ಅಮ್ಮ ಕಥೆ ಕಟ್ಟಿರಲಿಲ್ಲ. ತಪ್ಪು ನಂದೇ."

"ಅಪ್ಪಾ, ಆ ಬೆಕ್ಕು ಇನ್ನು ಬರಲ್ವಾ?"

ಅವನಿಗೆ ಸುಳ್ಳು ಹೇಳಲಾಗಲಿಲ್ಲ. "ಇಲ್ಲಮ್ಮ."

"ಅಮ್ಮನೂ ಇಲ್ಲ. ಹಾಗಾದ್ರೆ ಅದನ್ನ ನೋಡಿದೋಳು ನಾನೊಬ್ಳೇನಾ?"

ಅಪ್ಪ ಅವಳ ಪುಟ್ಟ ಕೈ ಹಿಡಿದು ಬೋಳು ಗೋಡೆಯ ಕಡೆ ಚಾಚಿದ. "ಎಲ್ಲಿತ್ತು, ನಂಗೆ ತೋರಿಸು."

ಅವಳು ಬೆರಳಿಟ್ಟು ತೋರಿಸಿದಳು. ಮೊದಲು ಕಣ್ಣು, ಆಮೇಲೆ ಮೀಸೆ.